ರೈಲ್ವೆ ಸ್ಟೇಷನ್ ನೆತ್ತಿ ಮೇಲೆ ಕೂತ ಗಾರ್ಡನ್: ನ್ಯೂಯಾರ್ಕಿನ ಒಂದು ಒಳಾಂಗಣದ ಪ್ರಕರಣ

ನಾನು ದಿನಾ ನ್ಯೂಜೆರ್ಸಿಯಿಂದ ನ್ಯೂಯಾರ್ಕಿಗೆ ರೈಲಲ್ಲಿ ಕೆಲಸಕ್ಕೆ ಹೋಗೋನು, ಇಳಿಯೋದು ಪೆನ್ ಸ್ಟೇಷನ್ನಲ್ಲಿ. ನಂಬ್ತೀರೋ ಇಲ್ವೋ, ಮೊದಮೊದಲು ಎಷ್ಟೋ ತಿಂಗಳು ತಲೆ ಮೇಲೆ ಏನಿದೆ ಅಂತ ಯೋಚನೇನೇ ಮಾಡಿರಲಿಲ್ಲ. ನೆಲದಡಿ ಇಳೀತಿದ್ದೆ, ನೆಲದಡೀನೇ ನಡ್ಕೊಂಡು ಸಬ್‌ವೇ ಹತ್ತಿ ಹೋಗ್ತಿದ್ದೆ, ಅಷ್ಟೇ. ಒಂದು ರಾತ್ರಿ ಆಫೀಸಲ್ಲಿ ಲೇಟಾಗಿ ಹತ್ತು ಗಂಟೆ ಹತ್ರ ಸ್ಟೇಷನ್ನಿಗೆ ಬಂದು ಬೋರ್ಡ್ ನೋಡ್ತಾ ನಿಂತಿದ್ದೆ, ಅಲ್ಲಿ ಗಾಡಿ ಯಾವ ಟ್ರ್ಯಾಕಿಗೆ ಬರತ್ತೆ ಅನ್ನೋದನ್ನ ಕೊನೇ ಗಳಿಗೇವರೆಗೂ ಹಾಕಲ್ಲ, ಎಲ್ರೂ ಕೊಕ್ಕರೆ ಥರ ಕತ್ತೆತ್ತಿ ನಿಂತಿರ್ತಾರೆ, ಆಗ ಇದ್ದಕ್ಕಿದ್ದಂಗೆ ಎಸ್ಕಲೇಟರಿಂದ ನೀಲಿ ಜೆರ್ಸಿ ಹಾಕ್ಕೊಂಡ ಜನ ಸುರಿಯೋಕೆ ಶುರುವಾದ್ರು. ನೂರಲ್ಲ, ಸಾವಿರಗಟ್ಲೆ. ಯಾರದೋ ಕೈಯಲ್ಲಿ ಅರ್ಧ ತಿಂದ ಪಾಪ್‌ಕಾರ್ನ್ ಡಬ್ಬ, ಒಬ್ಬಪ್ಪನ ಹೆಗಲ ಮೇಲೆ ನಿದ್ದೆ ಹೋದ ಮಗು. ಮೇಲೆ ಐಸ್ ಹಾಕಿ ಮ್ಯಾಚ್ ಈಗಷ್ಟೇ ಮುಗೀತು ಅಂತ ಪಕ್ಕದವನು ಹೇಳಿದ. ಮೇಲೆ ಅಂದ್ರೆ ಎಲ್ಲಿ ಅಂದೆ. ಅವನು ಬೆರಳಲ್ಲಿ ಸೀಲಿಂಗ್ ತೋರಿಸಿದ.

ಆ ಸೀಲಿಂಗ್ ಮೇಲಿರೋದೇ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಹೆಸರಲ್ಲಿ ಮ್ಯಾಡಿಸನ್ ಸ್ಕ್ವೇರ್ ಇದೆ, ಆದ್ರೆ ಅದು ಆ ಚೌಕದ ಹತ್ರ ಇಲ್ಲ, ಗಾರ್ಡನ್ ಅಂತಾರೆ, ಒಂದು ತುಳಸಿ ಗಿಡಾನೂ ಇಲ್ಲ. ಮ್ಯಾನ್‌ಹಟನ್ ನಟ್ಟನಡುವೆ 7 ಮತ್ತು 8ನೇ ಅವೆನ್ಯೂ ಮಧ್ಯೆ, 31ರಿಂದ 33ನೇ ಸ್ಟ್ರೀಟ್‌ವರೆಗಿನ ಜಾಗ. ಮೇಲೆ ಇಪ್ಪತ್ತು ಸಾವಿರದ ಹತ್ರ ಜನ ಕೂರೋ ಒಳಾಂಗಣ, ಕೆಳಗೆ 21 ಟ್ರ್ಯಾಕು, 11 ಪ್ಲಾಟ್‌ಫಾರ್ಮು, ಕೋವಿಡ್‌ಗೆ ಮುಂಚೆ ದಿನಕ್ಕೆ ಸುಮಾರು 6 ಲಕ್ಷ ಜನ ಓಡಾಡ್ತಿದ್ದ ಸ್ಟೇಷನ್. ನಮ್ಮ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್‌ನ ನೆಲದಡಿ ತಳ್ಳಿ ಅದರ ಮೇಲೆ ಕಂಠೀರವ ಒಳಾಂಗಣದ ನಾಲ್ಕೈದು ಪಟ್ಟು ದೊಡ್ಡದನ್ನ ತಂದು ಕೂರಿಸಿದ್ರೆ ಹೆಂಗಿರತ್ತೆ, ಹಂಗೆ. ಈಗಿನ ಜಗಳ ಏನಪ್ಪಾ ಅಂದ್ರೆ ಸ್ಟೇಷನ್ ಉಸಿರು ಕಟ್ಟಿದೆ, ಗಾರ್ಡನ್ ಎದ್ದು ಹೋಗಲಿ ಅಂತ ಅರ್ಧ ಊರು, ಅದೇನು ನಿಮ್ಮನೆ ಸ್ಟೂಲಾ ಎತ್ತಿ ಆ ಕಡೆ ಇಡೋಕೆ ಅಂತ ಇನ್ನರ್ಧ ಊರು. ಇದು ಹೆಂಗಾಯ್ತು ಅಂತ ಹುಡುಕ್ತಾ ಹೋದ್ರೆ ಕಥೆ ನೂರೈವತ್ತು ವರ್ಷ ಹಿಂದಕ್ಕೆ ಹೋಗತ್ತೆ.

ಮೊದಲನೇ ತಮಾಷೆ, ಗಾರ್ಡನ್ ಹುಟ್ಟಿದ್ದೇ ರೈಲ್ವೆ ಜಾಗದಲ್ಲಿ. 26ನೇ ಸ್ಟ್ರೀಟಲ್ಲಿ, ನಿಜವಾದ ಮ್ಯಾಡಿಸನ್ ಸ್ಕ್ವೇರ್ ಪಕ್ಕ, ಹಾರ್ಲೆಮ್ ರೈಲ್ವೆಯವರ ಒಂದು ಡಿಪೋ ಇತ್ತು. 1871ರಲ್ಲಿ ಗ್ರ್ಯಾಂಡ್ ಸೆಂಟ್ರಲ್ ಕಡೆ ಹೊಸ ನಿಲ್ದಾಣ ಆದ ಮೇಲೆ ಡಿಪೋ ಖಾಲಿ ಬಿತ್ತು. ಸರ್ಕಸ್ ಕಂಪನಿಯ ಬಾರ್ನಮ್ 1874ರಲ್ಲಿ ಅದನ್ನ ಬಾಡಿಗೆಗೆ ಹಿಡಿದು ಕುದುರೆ ಓಡಿಸಿದ, ಆಮೇಲೆ ಗಿಲ್ಮೋರ್ ಅನ್ನೋ ಬ್ಯಾಂಡ್ ಮಾಸ್ಟರ್ ಕೈಗೆ ಬಂತು, 1879ರಲ್ಲಿ ಜಾಗದ ಒಡೆಯ ವ್ಯಾಂಡರ್‌ಬಿಲ್ಟ್ ವಾಪಸ್ ತಗೊಂಡು ಈಗಿನ ಹೆಸರಿಟ್ಟ. ಛಾವಣಿ ಇಲ್ಲ, ಬೇಸಿಗೇಲಿ ಕುದಿಯೋದು, ಚಳಿಗಾಲದಲ್ಲಿ ನಡುಗೋದು. ಜಂಬೋ ಅನ್ನೋ ಆನೇನ 1882ರಲ್ಲಿ ಲಂಡನ್ನಿಂದ ತಂದು ತೋರಿಸಿದ್ದು ಇಲ್ಲೇ. ಹೆಸರಿಟ್ಟ ಹತ್ತು ವರ್ಷದಲ್ಲಿ ಕೆಡವಿದ್ರು.

ಎರಡನೇ ಗಾರ್ಡನ್ 1890ರದ್ದು, ಇಲ್ಲೀವರೆಗೆ ಆದ ನಾಲ್ಕು ಗಾರ್ಡನ್‌ಗಳಲ್ಲಿ ಚೆಂದ ಅಂದ್ರೆ ಇದೊಂದೇ. ಸ್ಟ್ಯಾನ್‌ಫರ್ಡ್ ವೈಟ್ ಅನ್ನೋ ಆರ್ಕಿಟೆಕ್ಟ್, ಸ್ಪೇನಿನ ಸೆವಿಲ್ಲೆ ಊರಿನ ಗಿರಾಲ್ಡಾ ಗೋಪುರ ನೋಡಿ ಅದೇ ಥರದ ಗೋಪುರ, ಅದರ ತುದಿಗೆ ಬಿಲ್ಲು ಹಿಡಿದ ಡಯಾನಾ ದೇವತೆ, ಅದೂ ಗಾಳಿಗೆ ತಿರುಗೋ ಥರ, ಮೈಮೇಲೆ ಬಟ್ಟೆ ಇಲ್ಲ ಅಂತ ಮಡಿವಂತರೆಲ್ಲ ಗಲಾಟೆ. ದುಡ್ಡು ಹಾಕಿದವರಲ್ಲಿ ಬ್ಯಾಂಕರ್ ಮಾರ್ಗನ್ ಇದ್ದ, ಉಕ್ಕಿನ ದೊರೆ ಕಾರ್ನೆಗಿ ಇದ್ದ. ಆರು ದಿನದ ಸೈಕಲ್ ರೇಸ್ ಅಂತ ಒಂದು ಹುಚ್ಚು ನಡೀತಿತ್ತು, ಸವಾರರು ನಿದ್ದೆಗೆಟ್ಟು ಭ್ರಮೆ ಬಂದು ಬೀಳೋ ಮಟ್ಟಕ್ಕೆ ಹೋದಾಗ 1898ರಲ್ಲಿ ಒಬ್ಬ ದಿನಕ್ಕೆ 12 ಗಂಟೆ ಮೇಲೆ ಓಡಿಸಬಾರದು ಅಂತ ಕಾನೂನು ಬಂತು, ರೇಸ್ ನಡೆಸೋರು ಸರಿ ಹಂಗಾದ್ರೆ ಇಬ್ಬಿಬ್ರು ಸೇರಿ ಸರದಿ ಮೇಲೆ ಓಡಿಸ್ಲಿ ಅಂದ್ರು. ಇವತ್ತು ಒಲಿಂಪಿಕ್ಸಲ್ಲಿ 'ಮ್ಯಾಡಿಸನ್' ಅಂತ ಒಂದು ಸೈಕಲ್ ಸ್ಪರ್ಧೆ ಇದೆಯಲ್ಲ, ಹೆಸರು ಬಂದಿದ್ದು ಇಲ್ಲಿಂದ್ಲೇ. 1906ರ ಜೂನ್ 25ರ ರಾತ್ರಿ ಅದೇ ಕಟ್ಟಡದ ಟೆರೇಸಿನ ಥಿಯೇಟರಲ್ಲಿ ನಾಟಕ ನಡೀವಾಗ ಹ್ಯಾರಿ ಥಾ ಅನ್ನೋ ಶ್ರೀಮಂತ ಬಂದು ವೈಟ್‌ಗೆ ಗುಂಡು ಹೊಡೆದ, ಹೆಂಡತಿ ವಿಷಯದ ಹಳೇ ದ್ವೇಷ. ತಾನೇ ಕಟ್ಟಿದ ಕಟ್ಟಡದ ತಾರಸಿ ಮೇಲೆ ಸತ್ತ ಮನುಷ್ಯ.

ಅಷ್ಟು ಚೆಂದ ಇದ್ರೂ ಅದು ಲಾಭ ಮಾಡ್ಲೇ ಇಲ್ಲ. 1924ರಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶ ಅಲ್ಲೇ ಆಗಿ ಅಭ್ಯರ್ಥಿ ಆರಿಸೋಕೆ 103 ಸಲ ಮತ ಹಾಕಿದ್ರು, ಎರಡು ವಾರ ದಾಟ್ತು, ಮರುವರ್ಷಾನೇ ಸಾಲ ಕೊಟ್ಟಿದ್ದ ವಿಮಾ ಕಂಪನಿ ಕೆಡವಿಸಿ ತನ್ನ ಹೆಡ್ಡಾಫೀಸ್ ಕಟ್ಟಿಸ್ತು. ಡಯಾನಾ ಈಗ ಫಿಲಡೆಲ್ಫಿಯಾ ಮ್ಯೂಸಿಯಮ್ಮಲ್ಲಿ ನಿಂತಿದ್ದಾಳೆ.

ಮೂರನೇದು ಡಬ್ಬ. ನಿಜವಾಗ್ಲೂ ಇಟ್ಟಿಗೆ ಡಬ್ಬ. ಬಾಕ್ಸಿಂಗ್ ಪಂದ್ಯ ನಡೆಸ್ತಿದ್ದ ಟೆಕ್ಸ್ ರಿಕಾರ್ಡ್ 1925ರಲ್ಲಿ 8ನೇ ಅವೆನ್ಯೂ 50ನೇ ಸ್ಟ್ರೀಟ್ ಹತ್ರ 249 ದಿನದಲ್ಲಿ ಕಟ್ಟಿಸಿದ. ಹೆಸರು ಮಾತ್ರ ಜೊತೇಲಿ ಹೊತ್ಕೊಂಡು ಹೋದ, ಮ್ಯಾಡಿಸನ್ ಸ್ಕ್ವೇರ್ ಹಿಂದೇನೇ ಉಳೀತು. ಈ ಡಬ್ಬ ದುಡಿದಿದ್ದು ನೋಡಿ: ಬಾಕ್ಸಿಂಗ್, ಹಾಕಿ, ಬಾಸ್ಕೆಟ್‌ಬಾಲ್, ಸರ್ಕಸ್, ಕುದುರೆ ಪ್ರದರ್ಶನ, ನಾಯಿ ಪ್ರದರ್ಶನ, ರಾಜಕೀಯ ಸಭೆ. ಖಾಲಿ ರಾತ್ರಿ ಅಂದ್ರೆ ನಷ್ಟದ ರಾತ್ರಿ ಅನ್ನೋ ಲೆಕ್ಕ ಇವನಿಗೆ ಚೆನ್ನಾಗಿ ಗೊತ್ತಿತ್ತು. 1926ರಲ್ಲಿ ಶುರುವಾದ ಹಾಕಿ ತಂಡಕ್ಕೆ ಪೇಪರಿನವರು ತಮಾಷೆಗೆ ಟೆಕ್ಸ್‌ನ ರೇಂಜರ್ಸ್ ಅಂದ್ರು, ಅದೇ ಹೆಸರು ನಿಂತು ಹೋಯ್ತು.

ಈ ಲೆಕ್ಕದಲ್ಲಿ ಆಟಗಾರರಿಗೆ ಎಷ್ಟು ಮರ್ಯಾದೆ ಇತ್ತು ಅಂತ ತಿಳೀಬೇಕಾದ್ರೆ 1950 ನೋಡಬೇಕು. ರೇಂಜರ್ಸ್ ಸ್ಟ್ಯಾನ್ಲಿ ಕಪ್ ಫೈನಲ್‌ಗೆ ಬಂದ್ರು, ಎದುರಿಗೆ ಡೆಟ್ರಾಯಿಟ್. ಆದ್ರೆ ಅದೇ ಹೊತ್ತಿಗೆ ಗಾರ್ಡನ್‌ನಲ್ಲಿ ಸರ್ಕಸ್ ಬುಕ್ಕಾಗಿದೆ! ಸರ್ಕಸ್ ಎಬ್ಬಿಸಲ್ಲ ಅಂದ್ರು. ಫೈನಲ್ ಆಡೋ ಸ್ವಂತ ತಂಡಕ್ಕೆ ಸ್ವಂತ ಮನೇಲಿ ಜಾಗ ಇಲ್ಲ, ತಮ್ಮ 'ಹೋಮ್' ಮ್ಯಾಚ್ ಎರಡನ್ನ ಕೆನಡಾದ ಟೊರಾಂಟೊಗೆ ಹೋಗಿ ಆಡಿದ್ರು, ಮಿಕ್ಕಿದ್ದೆಲ್ಲ ಎದುರಾಳಿ ಊರಲ್ಲಿ. ಏಳನೇ ಮ್ಯಾಚ್ ಎರಡನೇ ಓವರ್‌ಟೈಮ್‌ವರೆಗೆ ಹೋಗಿ ಸೋತ್ರು. ಗಾರ್ಡನ್‌ನಲ್ಲಿ ಆನೆ ತಿರುಗ್ತಾ ಇತ್ತು. ಬಹೂಪಯೋಗಿ ಸಭಾಂಗಣ ಅಂತ ಬೋರ್ಡ್ ಹಾಕೋದು ಸುಲಭ, ಒಂದು ಉಪಯೋಗ ಇನ್ನೊಂದನ್ನ ತಿಂದಾಗ ಯಾರು ಬಿಟ್ಕೊಡಬೇಕು ಅನ್ನೋದು ಕಷ್ಟ, ಇಲ್ಲಿ ಟಿಕೆಟ್ ಜಾಸ್ತಿ ಮಾರೋನೇ ಉಳ್ಕೊಂಡ.

ಜಾಗಕ್ಕೆ ಸಿದ್ಧಾಂತಾನೂ ಇರಲಿಲ್ಲ. 1933ರ ಮಾರ್ಚಲ್ಲಿ ಹಿಟ್ಲರ್ ವಿರುದ್ಧ ಯಹೂದಿ ಸಂಘಟನೆಗಳ ದೊಡ್ಡ ಸಭೆ ಆಯ್ತು, 1939ರ ಫೆಬ್ರವರಿ 20ಕ್ಕೆ ಅದೇ ವೇದಿಕೆ ಮೇಲೆ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಆಳೆತ್ತರ ದಾಟಿದ ಚಿತ್ರ, ಅದರ ಅಕ್ಕಪಕ್ಕ ಸ್ವಸ್ತಿಕ, ಅಮೆರಿಕದ ನಾಜಿ ಬೆಂಬಲಿಗರು 20,000 ಜನ ಸೇರಿದ್ರು. 1962ರಲ್ಲಿ ಮರ್ಲಿನ್ ಮನ್ರೋ ಅಧ್ಯಕ್ಷ ಕೆನಡಿಗೆ ಹುಟ್ಟುಹಬ್ಬದ ಹಾಡು ಹೇಳಿದ್ದೂ ಇದೇ ಡಬ್ಬದಲ್ಲಿ.

ಈಗ ನಮ್ಮ ಸ್ಟೇಷನ್ ಕಥೆಗೆ ಬರೋಣ. ಪೆನ್ಸಿಲ್ವೇನಿಯಾ ರೈಲ್ವೆಯವರು ಹಡ್ಸನ್ ನದಿ ಅಡಿ ಸುರಂಗ ಕೊರೆದು 1910ರಲ್ಲಿ ಒಂದು ನಿಲ್ದಾಣ ಕಟ್ಟಿದ್ರು, ಗುಲಾಬಿ ಬಣ್ಣದ ಗ್ರಾನೈಟ್ ಕಂಬದ ಸಾಲು, ರೋಮ್‌ನ ಕ್ಯಾರಕಲ್ಲಾ ಸ್ನಾನಗೃಹ ನೋಡಿ ಮಾಡಿದ ಕಾಯೋ ಹಜಾರ, ಗಾಜಿನ ಛಾವಣಿಯಿಂದ ಪ್ಲಾಟ್‌ಫಾರ್ಮ್‌ವರೆಗೂ ಬೆಳಕು. ನಕ್ಷೆ ಹಾಕಿದ ಸಂಸ್ಥೆ ಯಾವುದು ಗೊತ್ತಾ, ಮೆಕಿಮ್, ಮೀಡ್ ಅಂಡ್ ವೈಟ್. ಅದೇ ಗುಂಡೇಟು ತಿಂದ ವೈಟ್ ಪಾಲುದಾರನಾಗಿದ್ದ ಸಂಸ್ಥೆ. ಅಂದ್ರೆ ಅವರು ಕಟ್ಟಿದ ಗಾರ್ಡನ್ನೂ ಹೋಯ್ತು, ಅವರು ಕಟ್ಟಿದ ಸ್ಟೇಷನ್ನು ಇನ್ನೊಂದು ಗಾರ್ಡನ್‌ಗೋಸ್ಕರ ಹೋಯ್ತು.

ಐವತ್ತರ ದಶಕದಲ್ಲಿ ಜನ ಕಾರು ವಿಮಾನ ಅಂತ ಹೋಗಿ ರೈಲ್ವೆ ಕಂಪನಿ ನಷ್ಟದಲ್ಲಿ ಬಿತ್ತು. ಕೈಯಲ್ಲಿ ಮಾರೋಕೆ ಏನಿದೆ ಅಂದ್ರೆ ಸ್ಟೇಷನ್ ಮೇಲಿನ ಆಕಾಶ. ನಿಜವಾಗ್ಲೂ ಆಕಾಶಾನೇ, ಇಲ್ಲಿ ಕಟ್ಟಡದ ಮೇಲಿನ ಖಾಲಿ ಜಾಗದಲ್ಲಿ ಕಟ್ಟೋ ಹಕ್ಕನ್ನ ಬೇರೆಯಾಗಿ ಮಾರಬಹುದು. ಗಾರ್ಡನ್ ಕಂಪನಿಯ ಮುಖ್ಯಸ್ಥ ಇರ್ವಿಂಗ್ ಫೆಲ್ಟ್ ಜೊತೆ ಒಪ್ಪಂದ ಆಯ್ತು: ಮೇಲಿನ ಕಟ್ಟಡ ಕೆಡವಿ ಹೊಸ ಗಾರ್ಡನ್ ಕಟ್ಟೋದು, ರೈಲ್ವೆಗೆ ಖರ್ಚಿಲ್ಲದೆ ನೆಲದಡಿ ಏಸಿ ಇರೋ ಚಿಕ್ಕ ಸ್ಟೇಷನ್, ಜೊತೆಗೆ ಹೊಸ ಗಾರ್ಡನ್‌ನಲ್ಲಿ ಶೇ 25 ಪಾಲು. 1963ರ ಅಕ್ಟೋಬರ್ 28ಕ್ಕೆ ಮಳೇಲೇ ಕೆಡವೋಕೆ ಶುರು ಮಾಡಿದ್ರು. ರೈಲು ಒಂದು ದಿನಾನೂ ನಿಲ್ಲಲಿಲ್ಲ, ಕೆಳಗೆ ಜನ ಓಡಾಡ್ತಿದ್ದಂಗೇ ಮೇಲೆ ಒಡೀತಿದ್ರು. ಊರಿಗೆ ಹೊಟ್ಟೆ ಉರೀತು, 1965ರಲ್ಲಿ ಹಳೇ ಕಟ್ಟಡ ಉಳಿಸೋ ಕಾನೂನು ಬಂತು, ಮುಂದೆ ಗ್ರ್ಯಾಂಡ್ ಸೆಂಟ್ರಲ್ ಉಳಿದಿದ್ದು ಆ ಕಾನೂನಿಂದ. ಪೆನ್ ಸ್ಟೇಷನ್ನಿನ ಕಂಬ, ಶಿಲ್ಪ ಎಲ್ಲ ಲಾರೀಲಿ ತುಂಬ್ಕೊಂಡು ಹೋಗಿ ನ್ಯೂಜೆರ್ಸಿಯ ಸಿಕಾಕಸ್ ಹತ್ರ ಜೌಗು ಭೂಮೀಲಿ ಸುರಿದ್ರು. ನನ್ನ ರೈಲು ದಿನಾ ಆ ಜೌಗಿನ ಮೇಲೇನೇ ಹೋಗತ್ತೆ, ಕಿಟಕಿಯಿಂದ ಕಾಣೋದು ಬರೀ ಜೊಂಡು, ನೀರು, ಒಂದೆರಡು ಬಿಳೀ ಕೊಕ್ಕರೆ. ಇಷ್ಟೆಲ್ಲ ಮಾಡಿದ ರೈಲ್ವೆ ಕಂಪನಿ ಇನ್ನೊಂದರ ಜೊತೆ ವಿಲೀನವಾಗಿ 1970ರಲ್ಲಿ ದಿವಾಳಿ ಎದ್ದು ಹೋಯ್ತು.

ನಾಲ್ಕನೇ ಗಾರ್ಡನ್ 1968ರ ಫೆಬ್ರವರಿ 11ಕ್ಕೆ ಬಾಗಿಲು ತೆಗೀತು. ಚಾರ್ಲ್ಸ್ ಲಕ್ಮನ್ ವಿನ್ಯಾಸ, ದುಂಡಗೆ ಡ್ರಮ್ಮು. ಹೊರಗಿಂದ ನೋಡಿದ್ರೆ ನನಗಂತೂ ಮುನಿಸಿಪಾಲಿಟಿ ನೀರಿನ ಟ್ಯಾಂಕ್ ಜ್ಞಾಪಕ ಬರತ್ತೆ. ಆದ್ರೆ ಒಳಗೆ ಹೋದ್ರೆ ಬೇರೆ ಮಾತು: ಛಾವಣಿ ಕೇಬಲ್ಲುಗಳ ಮೇಲೆ ತೂಗ್ತಾ ಇದೆ, ಮಧ್ಯದಲ್ಲಿ ಒಂದು ಕಂಬಾನೂ ಇಲ್ಲ, ಸೀಟುಗಳೆಲ್ಲ ಮೈದಾನದ ಮೇಲೆ ಬಾಗಿದಂಗಿವೆ. ಆ ಮೈದಾನ ಇರೋದು ನೆಲದ ಮಟ್ಟದಲ್ಲಲ್ಲ, ಐದನೇ ಮಹಡೀಲಿ. ಕೆಳಗೆ ಸ್ಟೇಷನ್ ಇರೋದ್ರಿಂದ ಎತ್ತರಕ್ಕೇ ಹೋಗ್ಬೇಕಾಯ್ತು. ಹಾಗಾಗಿ ಆಟದ ಸಾಮಾನು, ಸಂಗೀತದವರ ಸ್ಪೀಕರು, ಆನೆ, ಕುದುರೆ, ಏನೇ ಬಂದ್ರೂ ರ‍್ಯಾಂಪ್ ಹತ್ತಿ ಮೇಲೆ ಬರಬೇಕು. ಸರ್ಕಸ್ ಕಾಲದಲ್ಲಿ ಆನೆಗಳು ಮಧ್ಯರಾತ್ರಿ ಕ್ವೀನ್ಸ್ ಕಡೆಯಿಂದ ನದಿ ಅಡಿ ಸುರಂಗದಲ್ಲಿ ಸೊಂಡಿಲಿಗೆ ಬಾಲ ಕಟ್ಕೊಂಡ ಹಂಗೆ ಸಾಲಾಗಿ ನಡ್ಕೊಂಡು ಬರ್ತಿದ್ವು, ನೋಡೋಕೆ ಮಕ್ಕಳನ್ನ ಎಬ್ಬಿಸ್ಕೊಂಡು ಬರೋರು.

ಮಧ್ಯಾಹ್ನ ಬಾಸ್ಕೆಟ್‌ಬಾಲ್, ರಾತ್ರಿ ಹಾಕಿ ಅಂದ್ರೆ ಹೆಂಗೆ ಮಾಡ್ತಾರೆ ಅಂತ ನನಗೆ ಬಹಳ ಕುತೂಹಲ ಇತ್ತು. ಸೀಸನ್ ಇರೋವರೆಗೂ ಐಸ್ ಕರಗಿಸೋದೇ ಇಲ್ವಂತೆ. ಕಾಂಕ್ರೀಟೊಳಗೆ ಪೈಪು, ಪೈಪಲ್ಲಿ ಕೊರೆಯೋ ದ್ರಾವಣ, ಅದರ ಮೇಲೆ ಬೆರಳಿನಷ್ಟೇ ದಪ್ಪದ ಐಸ್. ಅದರ ಮೇಲೆ ಶಾಖ ತಡೆಯೋ ಹಲಗೆ ಹಾಸಿ, ಅದರ ಮೇಲೆ ಮರದ ಅಂಕಣವನ್ನ ತುಂಡು ತುಂಡಾಗಿ ಜೋಡಿಸ್ತಾರೆ, ನಮ್ಮೂರಲ್ಲಿ ಮದುವೆ ಚಪ್ಪರದವರು ರಾತ್ರೋರಾತ್ರಿ ಬಂದು ಕಂಬ ನೆಟ್ಟು ಹೋಗ್ತಾರಲ್ಲ, ಹಂಗೆ ಒಂದು ಪಡೆ ಇದೆ, ಕೆಲವೇ ಗಂಟೇಲಿ ಕೆಲಸ ಮುಗಿಸ್ತಾರೆ. ಕೋಟಿಗಟ್ಲೆ ಸಂಬಳದ ಬಾಸ್ಕೆಟ್‌ಬಾಲ್ ಆಟಗಾರರು ಹಾರ್ತಾ ಇರೋದು ಐಸ್ ಮೇಲೆ.

ಇಲ್ಲಿ ಏನೇನಾಯ್ತು ಅಂತ ಪಟ್ಟಿ ಹಾಕಿದ್ರೆ ಮುಗಿಯಲ್ಲ. 1971ರ ಮಾರ್ಚ್ 8ಕ್ಕೆ ಮುಹಮ್ಮದ್ ಅಲಿ, ಜೋ ಫ್ರೇಜಿಯರ್ ಬಾಕ್ಸಿಂಗ್, ಇಬ್ರಿಗೂ ತಲಾ 25 ಲಕ್ಷ ಡಾಲರ್, 15 ಸುತ್ತು, ಅಲಿ ಸೋತ. ಸಿನಾತ್ರಾ ಅಂಥ ಗಾಯಕ ರಿಂಗ್ ಪಕ್ಕ ನಿಂತು ಪತ್ರಿಕೆಗೆ ಫೋಟೊ ಹೊಡೀತಿದ್ದ. ಅದಾಗಿ ಐದು ತಿಂಗಳಿಗೆ, ಆಗಸ್ಟ್ 1ಕ್ಕೆ, ಅದೇ ಜಾಗದಲ್ಲಿ ನಡೆದದ್ದು ನನಗೆ ಹೆಚ್ಚು ಇಷ್ಟ. ಪೂರ್ವ ಬಂಗಾಳದಿಂದ ಲಕ್ಷಗಟ್ಲೆ ಜನ ಗಡಿ ದಾಟಿ ಬರ್ತಿದ್ದ ಸಮಯ, ರವಿಶಂಕರ್ ಹೋಗಿ ಬೀಟಲ್ಸ್ ಖ್ಯಾತಿಯ ಜಾರ್ಜ್ ಹ್ಯಾರಿಸನ್ ಹತ್ರ ಏನಾದ್ರೂ ಮಾಡೋಣ ಅಂದ್ರು, ಬಾಂಗ್ಲಾದೇಶಕ್ಕಾಗಿ ಒಂದೇ ದಿನ ಎರಡು ಶೋ, 40,000 ಜನ. ಮೊದಲಿಗೆ ಕೂತಿದ್ದು ನಮ್ಮವರು: ಸಿತಾರಲ್ಲಿ ರವಿಶಂಕರ್, ಸರೋದಲ್ಲಿ ಅಲಿ ಅಕ್ಬರ್ ಖಾನ್, ತಬಲಾದಲ್ಲಿ ಅಲ್ಲಾ ರಖಾ, ತಂಬೂರಿ ಹಿಡಿದು ಕಮಲಾ ಚಕ್ರವರ್ತಿ. ಶ್ರುತಿ ಸೇರಿಸಿ ಮುಗಿಸಿದ್ದೇ ತಡ ಇಡೀ ಗಾರ್ಡನ್ ಚಪ್ಪಾಳೆ! ರವಿಶಂಕರ್ ನಕ್ಕು, ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದ್ರೆ ನುಡಿಸೋದು ಇನ್ನೂ ಹಿಡಿಸಬಹುದು ಅನ್ನೋ ಅರ್ಥದಲ್ಲಿ ಒಂದು ಮಾತು ಹೇಳಿದ್ರು. ಗುಂಡಗಿನ ಆ ಟ್ಯಾಂಕಲ್ಲಿ ತಂಬೂರಿ ನಾದ ಕೊನೇ ಸಾಲಿಗೆ ಎಷ್ಟು ಕೇಳಿಸಿತೋ, ಆದ್ರೆ ದೊಡ್ಡ ದೊಡ್ಡ ತಾರೆಗಳು ಸೇರಿ ಪರಿಹಾರಕ್ಕೆ ಹಾಡೋ ಪದ್ಧತಿ ಬೇರು ಬಿಟ್ಟಿದ್ದು ಆ ದಿನ.

2014ರ ಸೆಪ್ಟೆಂಬರ್ 28ಕ್ಕೆ ಪ್ರಧಾನಿ ಮೋದಿ ಇಲ್ಲೇ ಮಾತಾಡಿದ್ರು, ತಿರುಗೋ ವೇದಿಕೆ, ಹೆಚ್ಚುಕಮ್ಮಿ ಭರ್ತಿ ಜನ, ನ್ಯೂಜೆರ್ಸಿಯಿಂದ ರೇಷ್ಮೆ ಸೀರೆ ಉಟ್ಕೊಂಡು ಹೋದವರೂ ಇದ್ರು. ಮರುವರ್ಷ ಸೆಪ್ಟೆಂಬರಲ್ಲಿ ಪೋಪ್ ಫ್ರಾನ್ಸಿಸ್ ಬಂದು ಪೂಜೆ ನಡೆಸಿದ್ರು. ಬಿಲ್ಲಿ ಜೋಯಲ್ ಅನ್ನೋ ಹಾಡುಗಾರ 2014ರಿಂದ 2024ರ ಜುಲೈವರೆಗೆ, ಕೋವಿಡ್ ಬಿಟ್ರೆ, ತಿಂಗಳಿಗೊಂದು ಕಛೇರಿ ಥರ ನಡೆಸಿ, ಅದಕ್ಕೆ ಮುಂಚಿನವೂ ಸೇರಿ ಇಲ್ಲಿನ ತನ್ನ ಕಛೇರಿಗಳನ್ನ ಒಟ್ಟು 150ಕ್ಕೆ ಮುಟ್ಟಿಸಿದ. 1877ರಿಂದ ನಡೀತಿರೋ ವೆಸ್ಟ್‌ಮಿನ್‌ಸ್ಟರ್ ನಾಯಿ ಪ್ರದರ್ಶನ ಕೋವಿಡ್ ಟೈಮಲ್ಲಿ ಊರಾಚೆ ಹೋಗಿದ್ದು 2025ರಲ್ಲಿ ವಾಪಸ್ ಬಂತು. ಆ ವಾರ ಸ್ಟೇಷನ್ ಆಸುಪಾಸಲ್ಲಿ ನಮಗಿಂತ ಚೆನ್ನಾಗಿ ತಲೆ ಬಾಚಿದ ನಾಯಿಗಳು ಓಡಾಡ್ತಿರ್ತವೆ.

ದುಡ್ಡಿನ ವಿಷಯ ಒಂದಿದೆ, ಇದು ಸ್ಥಳೀಯರಿಗೆ ನಿಜವಾದ ಉರಿ. 1982ರಲ್ಲಿ ತಂಡಗಳು ಊರು ಬಿಟ್ಟು ಹೋಗ್ತವೆ ಅನ್ನೋ ಭಯಕ್ಕೆ ರಾಜ್ಯದವರು ಗಾರ್ಡನ್‌ಗೆ ಆಸ್ತಿ ತೆರಿಗೆ ಮಾಫಿ ಮಾಡಿದ್ರು. ಆಗಿನ ಮೇಯರ್ ಕೋಚ್ ಅದು ಹತ್ತು ವರ್ಷಕ್ಕೆ ಅಂದ್ಕೊಂಡಿದ್ರು, ಆದ್ರೆ ಕಾನೂನಲ್ಲಿ ಕೊನೇ ದಿನ ಅಂತ ಬರೀಲೇ ಇಲ್ಲ. ಇವತ್ತಿಗೂ ಮಾಫಿ, ವರ್ಷಕ್ಕೆ 4 ಕೋಟಿ ಡಾಲರ್ ದಾಟತ್ತೆ. ನಾವು ಮನೆ ಕಂದಾಯ ಒಂದು ಕಂತು ತಡ ಮಾಡಿದ್ರೆ ದಂಡ.

ಜೊತೆಗೆ ಪರ್ಮಿಟ್. 2,500ಕ್ಕಿಂತ ಜಾಸ್ತಿ ಸೀಟಿನ ಸಭಾಂಗಣ ಅಲ್ಲಿ ನಡೆಸೋಕೆ ನಗರದ ವಿಶೇಷ ಅನುಮತಿ ಬೇಕು, 1963ರಲ್ಲಿ 50 ವರ್ಷಕ್ಕೆ ಕೊಟ್ಟಿದ್ರು. ಅದು ಮುಗಿಯೋ ಹೊತ್ತಿಗೆ ಗಾರ್ಡನ್ನಿನವರು ಏನ್ ಮಾಡಿದ್ರು, 2011ರಿಂದ 2013ರವರೆಗೆ ಮೂರು ಬೇಸಿಗೆ ಬಾಗಿಲು ಹಾಕಿ ಸುಮಾರು 100 ಕೋಟಿ ಡಾಲರ್ ಸುರಿದು ಒಳಗೆಲ್ಲ ಹೊಸದು ಮಾಡಿದ್ರು, ಮೈದಾನದ ಮೇಲೆ ತೂಗೋ ಸೇತುವೆ ಥರದ ಸೀಟೂ ಹಾಕಿದ್ರು. ಇಷ್ಟು ಖರ್ಚು ಮಾಡಿದವರನ್ನ ಯಾರು ಎಬ್ಬಿಸ್ತಾರೆ? ನಗರ ಪರಿಷತ್ತು 2013ರಲ್ಲಿ 10 ವರ್ಷ ಕೊಟ್ಟು, ಬೇರೆ ಜಾಗ ಹುಡುಕ್ಕೊಳಿ ಅಂತು. ಯಾರೂ ಹುಡುಕಲಿಲ್ಲ. 2023ರಲ್ಲಿ ಮತ್ತೆ ಬಂದಾಗ 5 ವರ್ಷ ಕೊಟ್ರು. ನಮ್ಮ ಕಡೆ ಬಾಡಿಗೆ ಕರಾರು ಹನ್ನೊಂದು ಹನ್ನೊಂದು ತಿಂಗಳಿಗೆ ಮುಂದೂಡಿದಂಗೆ.

ಸ್ಟೇಷನ್ನಿಗೆ ಆಗ್ತಿರೋ ತೊಂದರೆ ಏನು ಅಂತ ಪ್ಲಾಟ್‌ಫಾರ್ಮಿಗೆ ಇಳಿದು ನೋಡಿದ್ರೇನೇ ಗೊತ್ತಾಗೋದು. ಗಾರ್ಡನ್ನಿನ ಭಾರ ಹೊತ್ತ ಕಂಬಗಳು ಕೆಳಗೆ ಪ್ಲಾಟ್‌ಫಾರ್ಮಿಗೇ ಬಂದು ನಿಂತಿವೆ, ಮೊದಲೇ ಇಕ್ಕಟ್ಟು, ಕಂಬಕ್ಕೂ ಅಂಚಿಗೂ ಮಧ್ಯೆ ಕೆಲವು ಕಡೆ ಇಬ್ರು ಅಕ್ಕಪಕ್ಕ ನಡೆಯೋಕಾಗಲ್ಲ. ಗಾಡಿ ಬಂತು ಅಂದ್ರೆ ಇಳಿಯೋ ಸಾವಿರ ಜನ ಮೇಲಕ್ಕೆ, ಹತ್ತೋ ಸಾವಿರ ಜನ ಕೆಳಕ್ಕೆ, ಅದೇ ಒಂದು ಕಿರಿದಾದ ಮೆಟ್ಟಿಲಲ್ಲಿ. ನನ್ನ ಬ್ಯಾಗಿನ ಪಟ್ಟಿ ಒಂದು ಸಲ ಅಲ್ಲಿ ಇನ್ನೊಬ್ಬಾಕೆಯ ಕೊಡೆಗೆ ಸಿಕ್ಕಿ ಹತ್ತು ಮೆಟ್ಟಿಲು ಇಬ್ರೂ ಗಂಟು ಹಾಕ್ಕೊಂಡೇ ಹತ್ತಿದ್ವಿ, ಬಿಡಿಸ್ಕೊಳೋಕೆ ನಿಲ್ಲೋಕೂ ಆಗ್ಲಿಲ್ಲ, ಹಿಂದಿನವರು ತಳ್ತಾ ಇದ್ರು. 2021ರ ಜನವರಿ 1ಕ್ಕೆ ಎದುರಿನ ಹಳೇ ಪೋಸ್ಟ್ ಆಫೀಸ್ ಕಟ್ಟಡದಲ್ಲಿ ಗಾಜಿನ ಛಾವಣಿಯ ಹೊಸ ಹಜಾರ ತೆರೆದ್ರು, ಚೆನ್ನಾಗಿದೆ, ಆದ್ರೆ ಪ್ಲಾಟ್‌ಫಾರ್ಮ್ ಅವೇ ತಾನೇ.

ಏನು ಮಾಡಬಹುದು ಅನ್ನೋದಕ್ಕೆ ಎರಡು ಥರದ ಯೋಜನೆ ಓಡಾಡ್ತಿವೆ. ಒಂದು, ಗಾರ್ಡನ್‌ನ 7ನೇ ಅವೆನ್ಯೂ ಆಚೆ ಪೆನ್ಸಿಲ್ವೇನಿಯಾ ಹೋಟೆಲ್ ಕೆಡವಿದ ಜಾಗಕ್ಕೆ ಸಾಗಿಸಿ, ಹಳೇ ಜಾಗದಲ್ಲಿ ಬಯಲಿರೋ ಸ್ಟೇಷನ್ ಮಾಡೋದು. ಇನ್ನೊಂದು, ಗಾರ್ಡನ್ ಅಲ್ಲೇ ಇರಲಿ, ಅದರ ಮಗ್ಗುಲಿಗಿರೋ ಚಿಕ್ಕ ಥಿಯೇಟರ್ ಕೊಂಡು ಕೆಡವಿ 8ನೇ ಅವೆನ್ಯೂ ಕಡೆ ದೊಡ್ಡ ಬಾಗಿಲು ತೆಗೆಯೋದು. ಆ ಥಿಯೇಟರ್ 5,600 ಸೀಟಿಂದು, 1968ರಲ್ಲಿ ಫೆಲ್ಟ್ ಹೆಸರಲ್ಲಿ ಫೆಲ್ಟ್ ಫೋರಂ ಅಂತಿದ್ದು ಹೆಸರು ಬದಲಾಯಿಸ್ಕೊಂಡು ಬಂದು, 2024ರಿಂದ ಏನು ಗೊತ್ತಾ? ಇನ್ಫೋಸಿಸ್ ಥಿಯೇಟರ್! ಎಲೆಕ್ಟ್ರಾನಿಕ್ ಸಿಟಿ ಬೋರ್ಡು 8ನೇ ಅವೆನ್ಯೂಲಿ ಮೊದಲ ಸಲ ನೋಡಿದಾಗ ನಾನು ನಿಂತು ಫೋಟೊ ತೆಗೆದು ಮನೆಗೆ ಕಳಿಸಿದ್ದೆ. ಈಗ ನಕ್ಷೆ ನೋಡಿದ್ರೆ ಮೊದಲು ಒಡೆಯೋ ಗೋಡೆ ಅದೇ.

ನನ್ನ ಮಟ್ಟಿಗೆ ಹೇಳೋದಾದ್ರೆ, ಗಾರ್ಡನ್ ಸ್ಟೇಷನ್ನಿನ ಉಸಿರು ಕಟ್ಟಿಸಿದೆ ಅನ್ನೋದು ನಿಜ, ಆದ್ರೆ ಗಾರ್ಡನ್ ಉಸಿರಾಡ್ತಿರೋದೂ ಸ್ಟೇಷನ್ ಮೂಗಿಂದ್ಲೇ. ಆ ಚೆಂದದ ಎರಡನೇ ಗಾರ್ಡನ್ ಸತ್ತಿದ್ದು ಮೇಲಿನ ಮನರಂಜನೆಗಿಂತ ಕೆಳಗಿನ ನೆಲಕ್ಕೆ ಬೆಲೆ ಜಾಸ್ತಿ ಆದಾಗ. ಇದರ ಕೆಳಗೆ ನೆಲಾನೇ ಇಲ್ಲ, ರೈಲಿದೆ. ಕಾರ್ ನಿಲ್ಲಿಸೋ ಚಿಂತೆ ಇಲ್ಲದೆ ಮೂರು ರಾಜ್ಯದ ಜನ ಮ್ಯಾಚ್ ಮುಗಿದ ಹತ್ತು ನಿಮಿಷಕ್ಕೆ ರೈಲು ಹತ್ತೋ ಒಳಾಂಗಣ ಬೇರೆ ಎಲ್ಲಿದೆ. ಅದಕ್ಕೇ ಅವರು ರಸ್ತೆ ದಾಟೋಕೂ ಒಪ್ತಿಲ್ಲ. ತೆರಿಗೆ ಮಾಫಿ ಮಾತ್ರ ತೆಗೀಬೇಕು, ಅದರಲ್ಲಿ ಎರಡು ಮಾತಿಲ್ಲ, ಆ ದುಡ್ಡಲ್ಲಿ ನಾಲ್ಕು ಮೆಟ್ಟಿಲು ಅಗಲ ಮಾಡಿದ್ರೂ ಸಾಕಿತ್ತು.

2025ರಲ್ಲಿ ಕೇಂದ್ರ ಸರ್ಕಾರ ಸ್ಟೇಷನ್ ಪುನರ್ನಿರ್ಮಾಣದ ಹೊಣೇನ ರಾಜ್ಯದ ಸಾರಿಗೆ ಸಂಸ್ಥೆ ಕೈಯಿಂದ ತಗೊಂಡು ದೇಶದ ಪ್ರಯಾಣಿಕರ ರೈಲು ಓಡಿಸೋ ಆಮ್‌ಟ್ರ್ಯಾಕ್‌ ಕಂಪನಿಗೆ ಕೊಡ್ತು. ಗಾರ್ಡನ್ ಪರ್ಮಿಟ್ 2028ರವರೆಗಿದೆ. ಹಾಕಿ ಇರೋ ರಾತ್ರಿ ನಾನು ಈಗ ಒಂಬತ್ತೂವರೆ ಒಳಗೇ ಗಾಡಿ ಹಿಡೀತೀನಿ, ಇಲ್ಲಾಂದ್ರೆ ಹನ್ನೊಂದರದ್ದು.